ಸಿಂಹ, ಕರಡಿ, ಆಕ್ಟೋಪಸ್: ಯುರೋಪಿನ ಹಳೆಯ ವ್ಯಂಗ್ಯಚಿತ್ರಗಳ ಜಾಡು ಹಿಡಿದು

ಮಂಗಳವಾರ, ಲಂಡನ್

ಹತ್ತೊಂಬತ್ತನೆಯ ಶತಮಾನದ ಯುರೋಪಿನ ರಾಜತಂತ್ರವನ್ನು ನಾವು ಓದುವುದು ಒಪ್ಪಂದಗಳ ಮೂಲಕ, ಮಂತ್ರಿಗಳ ಪತ್ರಗಳ ಮೂಲಕ. ಆದರೆ ಆ ಕಾಲದ ಸಾಮಾನ್ಯ ಜನ ಅದನ್ನು ಕಂಡದ್ದು ಸಿಂಹ, ಕರಡಿ, ಹದ್ದು, ಹುಂಜಗಳ ಕಾದಾಟವಾಗಿ. ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದ ಹಾಳೆಗಳಲ್ಲಿ, ವಾರಪತ್ರಿಕೆಗಳ ಪುಟಗಳಲ್ಲಿ ಒಂದೊಂದು ದೇಶಕ್ಕೂ ಒಂದೊಂದು ಪ್ರಾಣಿಯ ಮೈ ಬಂದಿತ್ತು. ಆ ಪ್ರಾಣಿಯನ್ನು ಯಾವ ದೇಶ ತಾನೇ ಆರಿಸಿಕೊಂಡಿತು, ಯಾವ ದೇಶದ ಮೇಲೆ ಬೇರೆಯವರು ಅದನ್ನು ಹೊರಿಸಿದರು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿತ್ತು. ಲಂಡನ್, ಪ್ಯಾರಿಸ್, ಬರ್ಲಿನ್‌ಗಳ ಈ ಪ್ರವಾಸವನ್ನು ಹಮ್ಮಿಕೊಂಡದ್ದು ಅದಕ್ಕಾಗಿಯೇ.

ಮೊದಲು ಹೋದದ್ದು ಬ್ರಿಟಿಷ್ ಮ್ಯೂಸಿಯಮ್ಮಿನ ಮುದ್ರಿತ ಚಿತ್ರಗಳ ಅಧ್ಯಯನ ಕೊಠಡಿಗೆ. ಮುಂಚಿತವಾಗಿ ಕೋರಿಕೊಂಡಿದ್ದ ಚಿತ್ರಗಳನ್ನು ಸಿಬ್ಬಂದಿ ತಂದು ಮೇಜಿನ ಮೇಲಿಟ್ಟರು. ಅವುಗಳಲ್ಲಿ ನನಗೆ ಮುಖ್ಯವಾಗಿದ್ದದ್ದು ಇಂಗ್ಲಿಷ್ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ 1808ರ ಸೆಪ್ಟೆಂಬರ್ 24ರಂದು ಪ್ರಕಟಿಸಿದ 'ಸಾವಿನ ನೆರಳಿನ ಕಣಿವೆ'. ತಾಮ್ರದ ತಗಡಿನ ಮೇಲೆ ಆಮ್ಲದಿಂದ ಕೊರೆದು, ಕಾಗದಕ್ಕೆ ಅಚ್ಚೊತ್ತಿ, ಆಮೇಲೆ ಕೈಯಿಂದ ಬಣ್ಣ ಹಚ್ಚಿದ ಚಿತ್ರವದು. ನೆಪೋಲಿಯನ್ ಕೈಯಲ್ಲಿ ಖಡ್ಗ ಹಿಡಿದು ಇಕ್ಕಟ್ಟಾದ ದಾರಿಯಲ್ಲಿ ನಿಂತಿದ್ದಾನೆ. ಎದುರಿನಿಂದ ಬ್ರಿಟಿಷ್ ಸಿಂಹ ಅವನ ಮೇಲೆ ಹಾರುತ್ತಿದೆ. ಸ್ಪೇನಿನ ಹೇಸರಗತ್ತೆಯನ್ನೇರಿ ಅಸ್ಥಿಪಂಜರದ ರೂಪದಲ್ಲಿ ಸಾವು ಬರುತ್ತಿದೆ. ಪೋರ್ಚುಗಲ್ಲು ತೋಳವಾಗಿದೆ, ಸಿಸಿಲಿ ಪುಟ್ಟ ಬೇಟೆನಾಯಿಯಾಗಿದೆ. ಕೆಳಗಿನ ಕೊಚ್ಚೆಯಲ್ಲಿ ನೆಪೋಲಿಯನ್ನನ ಆಸರೆಯ ರೈನ್ ಒಕ್ಕೂಟದ ಜರ್ಮನ್ ಸಂಸ್ಥಾನಗಳು ಹೊಟ್ಟೆಗಿಲ್ಲದ ಇಲಿಗಳಾಗಿ, ಡಚ್ಚರು ಕಪ್ಪೆಗಳಾಗಿ, ಅಮೆರಿಕ ಬಾಲ ಅಲ್ಲಾಡಿಸುವ ಬುಡಬುಡಿಕೆ ಹಾವಾಗಿ ಹರಿದಾಡುತ್ತಿವೆ. ನೆಪೋಲಿಯನ್ನನ ಹಿಂದೆ ರಷ್ಯಾದ ಕರಡಿಯಿದೆ.

ಭೂತಗನ್ನಡಿಯಲ್ಲಿ ಸಿಂಹದ ಕೇಸರವನ್ನು ಬಹಳ ಹೊತ್ತು ನೋಡಿದೆ. ಒಂದೊಂದು ಕೂದಲೂ ಬೇರೆಬೇರೆಯಾಗಿ ಕೊರೆದ ಗೆರೆ. ಹಳದಿ ಬಣ್ಣ ಮಾತ್ರ ಅವಸರದಲ್ಲಿ ಬಳಿದದ್ದು, ಅಲ್ಲಲ್ಲಿ ಗೆರೆ ದಾಟಿ ಆಚೆಗೆ ಚಾಚಿಕೊಂಡಿದೆ. ಇಷ್ಟು ಶ್ರದ್ಧೆಯ ಕೊರೆತ ಇಲಿಗಳಿಗೆ ಸಿಕ್ಕಿಲ್ಲ. ಸಿಂಹಕ್ಕೆ ಮೈಕಟ್ಟಿದೆ, ಮುಖಭಾವವಿದೆ, ಇಲಿಗಳಿಗೆ ಎಣಿಕೆ ಮಾತ್ರ ಇದೆ. ಯುರೋಪಿನ ದೊಡ್ಡ ಶಕ್ತಿಗಳೆಂದರೆ ಯಾರು, ಅವರ ಕಾಲ ಕೆಳಗಿರುವವರು ಯಾರು ಎಂಬುದನ್ನು ಗಿಲ್‌ರೇ ಪ್ರಾಣಿಗಳ ಗಾತ್ರದಲ್ಲೇ ಹೇಳಿಬಿಟ್ಟಿದ್ದಾನೆ.

ಈ ಚಿತ್ರದ ತಾರೀಖು ಗಮನಿಸಬೇಕಾದದ್ದು. 1807ರ ಜುಲೈಯಲ್ಲಿ ಟಿಲ್ಸಿಟ್‌ನಲ್ಲಿ ಆದ ಸಂಧಿಯಿಂದ ರಷ್ಯಾ ಫ್ರಾನ್ಸಿನ ಮಿತ್ರದೇಶವಾಗಿತ್ತು. ಚಿತ್ರ ಹೊರಬಂದ ಮೂರೇ ದಿನಕ್ಕೆ, ಸೆಪ್ಟೆಂಬರ್ 27ರಂದು, ನೆಪೋಲಿಯನ್ ಮತ್ತು ತ್ಸಾರ್ ಅಲೆಕ್ಸಾಂಡರ್ ಎರ್ಫುರ್ಟ್‌ನಲ್ಲಿ ಮತ್ತೆ ಭೇಟಿಯಾದರು. ಬೆನ್ನ ಹಿಂದಿರುವ ಕರಡಿ ಕಾವಲಿಗಿದೆಯೋ ಕಚ್ಚುವುದಕ್ಕಿದೆಯೋ ಎಂಬುದು ಲಂಡನ್ನಿನ ಜನಕ್ಕೆ ಆ ವಾರದ ಸುದ್ದಿಯ ಪ್ರಶ್ನೆಯೇ ಆಗಿತ್ತು.

ಸಂಜೆ ಸೇಂಟ್ ಜೇಮ್ಸ್ ಸ್ಟ್ರೀಟಿಗೆ ನಡೆದುಹೋದೆ. ಅಲ್ಲಿನ 27ನೆಯ ನಂಬರಿನಲ್ಲಿ ಹ್ಯಾನಾ ಹಂಫ್ರಿ ಎಂಬಾಕೆಯ ಚಿತ್ರಗಳ ಅಂಗಡಿಯಿತ್ತು, ಗಿಲ್‌ರೇ ಅದರ ಮೇಲಂತಸ್ತಿನಲ್ಲಿ ವಾಸವಾಗಿದ್ದು 1815ರಲ್ಲಿ ಅಲ್ಲಿಯೇ ತೀರಿಕೊಂಡ. ಕೊಳ್ಳಲು ಕಾಸಿಲ್ಲದವರೂ ಆ ಅಂಗಡಿಯ ಕಿಟಕಿಯ ಮುಂದೆ ಗುಂಪುಗೂಡಿ ನಿಲ್ಲುತ್ತಿದ್ದುದನ್ನು ಅವನೇ ಚಿತ್ರಿಸಿದ್ದಾನೆ.

ಬುಧವಾರ, ಲಂಡನ್

ಇಡೀ ದಿನ ಬ್ರಿಟಿಷ್ ಲೈಬ್ರರಿಯಲ್ಲಿ ಪಂಚ್ ಎಂಬ ವ್ಯಂಗ್ಯ ಪತ್ರಿಕೆಯ ಸಂಪುಟಗಳೊಡನೆ ಕಳೆಯಿತು. 1841ರಲ್ಲಿ ಆರಂಭವಾದ ಈ ವಾರಪತ್ರಿಕೆಯ ಪ್ರಮುಖ ಚಿತ್ರಕಾರ ಜಾನ್ ಟೆನಿಯಲ್. 1850ರ ಕೊನೆಯಲ್ಲಿ ಸೇರಿದವನು 1901ರವರೆಗೆ ಅಲ್ಲಿ ದುಡಿದ. ಹರೆಯದಲ್ಲಿ ತಂದೆಯೊಡನೆ ಕತ್ತಿವರಸೆ ಅಭ್ಯಾಸ ಮಾಡುವಾಗ ಪೆಟ್ಟಾಗಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದ ಮನುಷ್ಯ, ಅರ್ಧ ಶತಮಾನದ ಕಾಲ ಇಂಗ್ಲೆಂಡಿಗೆ ಜಗತ್ತನ್ನು ತೋರಿಸಿದ.

ಪಂಚ್‌ನ ಪ್ರಾಣಿಗಳು ಒಬ್ಬನ ಕಲ್ಪನೆಯಿಂದ ಬಂದವಲ್ಲ. ಪ್ರತಿ ಬುಧವಾರ ರಾತ್ರಿ ಸಂಪಾದಕ ಮಂಡಲಿ ಊಟಕ್ಕೆ ಸೇರಿ, ಆ ವಾರದ ದೊಡ್ಡ ಚಿತ್ರದ ವಿಷಯವನ್ನು ಚರ್ಚಿಸಿ ತೀರ್ಮಾನಿಸುತ್ತಿತ್ತು. ಟೆನಿಯಲ್ ಗುರುವಾರ ಕರಡು ಬರೆದು, ಶುಕ್ರವಾರ ಪೂರ್ತಿ ಮರದ ಅಚ್ಚಿನ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬಿಡಿಸುತ್ತಿದ್ದ. ಜೋಸೆಫ್ ಸ್ವೈನ್‌ನ ಕಾರ್ಯಾಗಾರದವರು ಅದನ್ನು ಕೊಂಡೊಯ್ದು ಕೆತ್ತುತ್ತಿದ್ದರು. ಬಾಕ್ಸ್‌ವುಡ್ ಮರದ ಕಾಂಡ ಸಣ್ಣದಾದ್ದರಿಂದ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಬೆಸೆದು ಅಚ್ಚು ಮಾಡಬೇಕಿತ್ತು. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೆಲವು ಚಿತ್ರಗಳಲ್ಲಿ ಆ ತುಂಡುಗಳ ಸಂದು ತೆಳುವಾದ ಬಿಳಿ ಗೆರೆಯಾಗಿ ಪ್ರಾಣಿಯ ಮೈಯನ್ನೇ ಸೀಳಿಕೊಂಡು ಹೋಗಿರುವುದು ಕಾಣುತ್ತದೆ.

ನಾನು ಹುಡುಕುತ್ತಿದ್ದುದು ಬ್ರಿಟನ್ ಮತ್ತು ರಷ್ಯಾಗಳ ವೈಮನಸ್ಯದ ಚಿತ್ರಗಳನ್ನು. ಬ್ರಿಟನ್, ಫ್ರಾನ್ಸ್‌ಗಳು ಟರ್ಕಿಯ ಪರವಾಗಿ ರಷ್ಯಾದೊಡನೆ ಕಾದಿದ ಕ್ರಿಮಿಯಾ ಯುದ್ಧದ ಹೊಸ್ತಿಲಲ್ಲಿ, 1853ರಲ್ಲಿ, ಟರ್ಕಿ ಟೋಪಿ ತೊಟ್ಟ ಟರ್ಕಿ ಕೋಳಿಯೊಂದನ್ನು ಕರಡಿ ಎದೆಗವಚಿಕೊಂಡಿರುವ ಚಿತ್ರ ಬಂದಿತು. 1876ರ ಫೆಬ್ರುವರಿಯದು ಸೂಯೆಜ್ ಕಾಲುವೆಯನ್ನು ಕುರಿತದ್ದು. ಹಿಂದಿನ ವರ್ಷದ ನವೆಂಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಡಿಸ್ರೇಲಿ ಈಜಿಪ್ಟಿನ ಖೆದಿವ, ಅಂದರೆ ಅಧಿಪತಿ, ಇಸ್ಮಾಯಿಲನಿಂದ ಕಾಲುವೆ ಕಂಪನಿಯ 1,76,602 ಷೇರುಗಳನ್ನು ಸುಮಾರು 40 ಲಕ್ಷ ಪೌಂಡಿಗೆ ಕೊಂಡಿದ್ದ. ಟೆನಿಯಲ್ಲನ ಸಿಂಹ ಭಾರತದ ಬೀಗದ ಕೈಯನ್ನು ಕಾಯುತ್ತಿದೆ. ಲೆಕ್ಕಪತ್ರದ ವ್ಯವಹಾರವೊಂದು ಸಿಂಹದ ಪಂಜದಡಿಗೆ ಬಂದೊಡನೆ ಪರಾಕ್ರಮವಾಗಿಬಿಟ್ಟಿದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಹಿಡಿದಿಟ್ಟದ್ದು 1878ರ ನವೆಂಬರ್ 30ರ ಚಿತ್ರ. ಅಫಘಾನಿಸ್ತಾನದ ಅಮೀರ ಶೇರ್ ಅಲಿ ನಡುವೆ ನಿಂತಿದ್ದಾನೆ. ಒಂದು ಪಕ್ಕ ಕರಡಿ, ಇನ್ನೊಂದು ಪಕ್ಕ ಸಿಂಹ. 'ಈ ನನ್ನ ಸ್ನೇಹಿತರಿಂದ ನನ್ನನ್ನು ಕಾಪಾಡಿ' ಎಂಬುದು ಅಡಿಬರಹ. ಬ್ರಿಟಿಷ್ ಸೇನೆ ಅಫಘಾನಿಸ್ತಾನದ ಗಡಿ ದಾಟಿ ಆಗ ಹತ್ತು ದಿನವೂ ಆಗಿರಲಿಲ್ಲ. ಮಾರನೆಯ ಫೆಬ್ರುವರಿಯಲ್ಲಿ ಅಮೀರ ಮಜಾರ್-ಎ-ಶರೀಫ್‌ನಲ್ಲಿ ತೀರಿಕೊಂಡ. ದೊಡ್ಡ ಪ್ರಾಣಿಗಳ ನಡುವೆ ಮನುಷ್ಯರೂಪದಲ್ಲಿ ಉಳಿದವನು ಅಮೀರನೊಬ್ಬನೇ, ಮತ್ತು ಬೇಟೆಯಾಗುವವನೂ ಅವನೇ. ಟೆನಿಯಲ್ ತನ್ನ ದೇಶದ ಸಿಂಹವನ್ನು ಬಹುಪಾಲು ಘನತೆಯಿಂದಲೇ ಬಿಡಿಸುತ್ತಿದ್ದ, ಆದರೆ ಇಲ್ಲಿ ಆ ಸಿಂಹ ಕರಡಿಯ ಜೋಡಿಯಾಗಿ ನಿಂತಿದೆ. ಅವನ ಪ್ರಾಣಿಚಿತ್ರಗಳಲ್ಲೆಲ್ಲ ನನಗೆ ಅತ್ಯಂತ ಪ್ರಾಮಾಣಿಕವೆನ್ನಿಸಿದ್ದು ಇದೇ.

ಕರಡಿಯ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ರಷ್ಯಾ ತನ್ನ ರಾಜಲಾಂಛನಕ್ಕೆ ಆರಿಸಿಕೊಂಡದ್ದು ಎರಡು ತಲೆಯ ಹದ್ದನ್ನು. ಮೈಸೂರಿನ ಗಂಡಭೇರುಂಡವನ್ನು ನೋಡುತ್ತ ಬೆಳೆದ ನಮ್ಮ ಕಣ್ಣಿಗೆ ಅದು ತೀರ ಪರಿಚಿತವೆನ್ನಿಸುವ ಹಕ್ಕಿ. ಸಾಮ್ರಾಜ್ಯದ ಲಾಂಛನದ ಮಧ್ಯದಲ್ಲಿ ಕರಡಿಗೆ ಜಾಗವಿರಲಿಲ್ಲ. ಪಶ್ಚಿಮ ಯುರೋಪಿನ ನಕಾಶೆ ಬರೆಯುವವರು, ಚಿತ್ರಕಾರರು ಕರಡಿಯನ್ನು ಹೊರಗಿನಿಂದ ಅದಕ್ಕೆ ಅಂಟಿಸಿದರು. ಸಿಂಹವಾದರೋ ಇಂಗ್ಲೆಂಡಿನ ಅರಸರು ಮಧ್ಯಯುಗದಿಂದ ತಮ್ಮ ಗುರಾಣಿಯ ಮೇಲೆ ತಾವೇ ಬರೆಸಿಕೊಂಡದ್ದು. ಪಂಚ್‌ನ ಪುಟದಲ್ಲಿ ಸಿಂಹ ಮತ್ತು ಕರಡಿ ಎದುರುಬದುರಾಗಿ ನಿಂತಾಗ, ಒಬ್ಬನು ತನ್ನದೇ ಬಿರುದು ಧರಿಸಿ ಬಂದಿದ್ದಾನೆ, ಇನ್ನೊಬ್ಬನಿಗೆ ಎದುರಾಳಿಯೇ ವೇಷ ತೊಡಿಸಿದ್ದಾನೆ.

ಸಂಜೆಯ ಮುನ್ನ ಭೂಪಟ ವಿಭಾಗಕ್ಕೆ ಹೋದೆ. ಫ್ರೆಡ್ ರೋಸ್ 1877ರಲ್ಲಿ ರಚಿಸಿದ ಯುದ್ಧಕಾಲದ ವಿನೋದ ಭೂಪಟದಲ್ಲಿ ರಷ್ಯಾ ಕರಡಿಯಾಗಿ ಉಳಿದಿಲ್ಲ, ಭಾರೀ ಆಕ್ಟೋಪಸ್ ಆಗಿದೆ. ಆ ವರ್ಷದ ಏಪ್ರಿಲಿನಲ್ಲಿ ರಷ್ಯಾ ಟರ್ಕಿಯ ಮೇಲೆ ಯುದ್ಧ ಸಾರಿತ್ತು. ಒಂದು ಬಾಹು ಪೋಲೆಂಡಿನ ಕತ್ತು ಹಿಸುಕುತ್ತಿದೆ, ಉಳಿದವು ಟರ್ಕಿಯತ್ತ, ಪರ್ಷಿಯಾದತ್ತ ಚಾಚಿವೆ. ಕ್ರಿಮಿಯಾದಲ್ಲಿ ತಗುಲಿದ ಗಾಯವನ್ನು ಮರೆತು ಅದು ಎಲ್ಲ ದಿಕ್ಕಿಗೂ ಕೈ ಚಾಚುತ್ತಿದೆ ಎಂದು ಭೂಪಟದ ವಿವರಣೆ ಹೇಳುತ್ತದೆ.

ಕರಡಿಯಿಂದ ಆಕ್ಟೋಪಸ್‌ಗೆ ಆದ ಈ ಬದಲಾವಣೆಯನ್ನು ಚಿತ್ರಕಾರನ ಚಮತ್ಕಾರವೆಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಕರಡಿಗೆ ಮುಖವಿದೆ. ಅದು ಹಸಿಯುತ್ತದೆ, ಹಿಮ್ಮೆಟ್ಟುತ್ತದೆ, ಪಳಗುತ್ತದೆ. ಅದರೊಡನೆ ಒಪ್ಪಂದವೊಂದನ್ನು ಊಹಿಸಿಕೊಳ್ಳಬಹುದು. ಆಕ್ಟೋಪಸ್‌ನ ಜೊತೆ ಯಾರೂ ಸಂಧಾನಕ್ಕೆ ಕೂರುವುದಿಲ್ಲ, ಅದರ ಬಾಹುಗಳನ್ನು ಕತ್ತರಿಸುವುದೊಂದೇ ದಾರಿ. ಒಂದು ದೇಶದ ನೀತಿಯನ್ನು ಅದರ ಹುಟ್ಟುಗುಣವೆಂದು ತೋರಿಸಿದ ಮೇಲೆ ಮಾತುಕತೆಗೆ ಎಡೆಯೆಲ್ಲಿ? ಭೂಪಟ ಹೊರಬಂದ ಮರುವರ್ಷದ ಆರಂಭದಲ್ಲಿ ಬ್ರಿಟಿಷ್ ನೌಕಾಪಡೆ ಟರ್ಕಿಯ ಡಾರ್ಡನೆಲ್ಸ್ ಜಲಸಂಧಿಯನ್ನು ದಾಟಿತು. ವಸಂತದಲ್ಲಿ ಸುಮಾರು 7,000 ಭಾರತೀಯ ಸೈನಿಕರನ್ನು ಮಾಲ್ಟಾ ದ್ವೀಪಕ್ಕೆ ಸಾಗಿಸಲಾಯಿತು. ಇದಕ್ಕೆಲ್ಲ ಒಂದು ಭೂಪಟ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಆ ನಡೆಗಳು ಸಹಜವೆಂದು ತೋರಲು ಬೇಕಾದ ಭೀತಿಯನ್ನು ಇಂತಹ ಚಿತ್ರಗಳು ಮನೆಮನೆಯ ಗೋಡೆಯ ಮೇಲೆ ಬೆಳೆಸುತ್ತಿದ್ದವು.

ಗುರುವಾರ, ಲಂಡನ್

ಕರ್ನಾಟಕದಿಂದ ಈ ವಿಷಯವನ್ನು ಹುಡುಕಿಕೊಂಡು ಬಂದವನು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋಗದೆ ಇರಲಾಗದು. ಟಿಪ್ಪು ಸುಲ್ತಾನನ ಮರದ ಹುಲಿ ಅಲ್ಲಿನ ದಕ್ಷಿಣ ಏಷ್ಯಾ ಸಂಗ್ರಹದ್ದು. ಯುರೋಪಿಯನ್ ಸೈನಿಕನೊಬ್ಬನನ್ನು ಅಂಗಾತ ಕೆಡವಿ ಅವನ ಕೊರಳಿಗೆ ಬಾಯಿಡುತ್ತಿರುವ ಈ ಹುಲಿಯ ಒಡಲಿನಲ್ಲಿ ಸಣ್ಣದೊಂದು ಆರ್ಗನ್ ವಾದ್ಯವಿದೆ. ಹಿಡಿಕೆ ತಿರುಗಿಸಿದರೆ ಸೈನಿಕನ ಕೈ ಮೇಲೇಳುತ್ತದೆ, ನರಳುವ ಸದ್ದೂ ಗುರುಗುಟ್ಟುವ ಸದ್ದೂ ಹೊರಡುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಿಂದ ಎತ್ತಿಕೊಂಡು ಹೋದ ಇದನ್ನು 1808ರಿಂದ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಗಿಲ್‌ರೇಯ ಸಿಂಹ ನೆಪೋಲಿಯನ್ನನ ಮೇಲೆ ಹಾರಿದ ವರ್ಷವೂ ಅದೇ.

ಹುಲಿ ಟಿಪ್ಪು ತಾನೇ ಆರಿಸಿಕೊಂಡ ಗುರುತು. ಸಿಂಹಾಸನ, ಆಯುಧ, ಸೈನಿಕರ ಉಡುಗೆ ಎಲ್ಲದರ ಮೇಲೂ ಹುಲಿಯ ತಲೆಯೋ ಪಟ್ಟೆಯೋ ಇತ್ತು. ಈಸ್ಟ್ ಇಂಡಿಯಾ ಕಂಪನಿ ಅದಕ್ಕೆ ಉತ್ತರ ಕೊಟ್ಟದ್ದು ಪದಕದ ಮೂಲಕ. ಶ್ರೀರಂಗಪಟ್ಟಣದ ವಿಜಯಕ್ಕೆಂದು ಕ್ಯೂಕ್ಲರ್ ಎಂಬ ಪದಕಶಿಲ್ಪಿ ರೂಪಿಸಿದ, ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಟಂಕಸಾಲೆಯಲ್ಲಿ ಅಚ್ಚಾದ ಪದಕದ ಒಂದು ಮುಖದಲ್ಲಿ ಕೋಟೆಯ ಮೇಲಿನ ದಾಳಿಯಿದೆ, ಇನ್ನೊಂದು ಮುಖದಲ್ಲಿ ಸಿಂಹ ಹುಲಿಯನ್ನು ನೆಲಕ್ಕೆ ಕೆಡವಿ ಮೇಲೆ ಏರಿ ನಿಂತಿದೆ.

1857ರ ಆಗಸ್ಟ್ 22ರ ಪಂಚ್ ಸಂಚಿಕೆಯನ್ನು ನಿನ್ನೆಯೇ ನೋಡಿದ್ದೆ. ಉತ್ತರ ಭಾರತದ ದಂಗೆಯ ಸುದ್ದಿ ಲಂಡನ್ ಮುಟ್ಟಿದಾಗ ಟೆನಿಯಲ್ ಎರಡು ಪುಟಗಳಗಲ ಬಿಡಿಸಿದ ಚಿತ್ರವದು. ಬಿದ್ದಿರುವ ಹೆಂಗಸು ಮತ್ತು ಮಗುವಿನ ಮೇಲೆ ಬಂಗಾಳದ ಹುಲಿ, ಅದರ ಮೇಲೆ ಹಾರುತ್ತಿರುವ ಬ್ರಿಟಿಷ್ ಸಿಂಹ. ಪದಕದಲ್ಲಿದ್ದದ್ದು ಇಬ್ಬರು ಅರಸರ ಲಾಂಛನಗಳ ಕಾದಾಟ. ಅದರಲ್ಲಿ ಸೋತವನಿಗೂ ಅವನು ಇಚ್ಛಿಸಿ ಪಡೆದ ಹೆಸರೇ ಉಳಿದಿತ್ತು. 1857ರಲ್ಲಿ ಹುಲಿ ಲಾಂಛನವಾಗಿ ಉಳಿದಿಲ್ಲ, ಅದು ನರಭಕ್ಷಕ ಮೃಗ, ಅದನ್ನು ಕೊಲ್ಲುವುದು ಬೇಟೆಗಾರನ ಕರ್ತವ್ಯ. ಮರದ ಹುಲಿಯ ಮುಂದೆ ನಿಂತಾಗ ಶ್ರೀರಂಗಪಟ್ಟಣದ ಪತನದಿಂದ 1857ರವರೆಗಿನ 58 ವರ್ಷಗಳಲ್ಲಿ ಹುಲಿಯ ಮಾಲೀಕತ್ವ ಹೇಗೆ ಕೈ ಬದಲಾಯಿಸಿತು ಎಂಬುದು ನನ್ನನ್ನು ನೋಯಿಸಿತು. ಸಂಧಿ ಮಾಡಿಕೊಳ್ಳಬೇಕಾದ ಎದುರಾಳಿಗಳ ಸಾಲಿನಿಂದ ಭಾರತ ಅಷ್ಟರಲ್ಲಿ ಹೊರಬಿದ್ದಿತ್ತು. ಯುರೋಪಿನ ಪ್ರಾಣಿಗಳಿಗೆ ಸಿಗುತ್ತಿದ್ದ ಕನಿಷ್ಠ ಮರ್ಯಾದೆಯೂ ಅದಕ್ಕೆ ಸಿಗಲಿಲ್ಲ.

ಶುಕ್ರವಾರ, ಪ್ಯಾರಿಸ್

ಬೆಳಗಿನ ರೈಲಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಬಂದು, ಮಧ್ಯಾಹ್ನದ ಹೊತ್ತಿಗೆ ರಾಷ್ಟ್ರೀಯ ಗ್ರಂಥಾಲಯದ ರಿಶೆಲ್ಯೂ ಕಟ್ಟಡದ ಅಂಡಾಕಾರದ ವಾಚನಾಲಯ ಸೇರಿದೆ. ಎತ್ತರದ ಗಾಜಿನ ಚಾವಣಿಯ ಈ ಕೊಠಡಿ ಈಗ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಗ್ರಂಥಾಲಯ ಡಿಜಿಟಲ್ ರೂಪಕ್ಕೆ ತಂದಿರುವ ಹಳೆಯ ಪತ್ರಿಕೆಗಳನ್ನು ಅಲ್ಲಿ ಕುಳಿತು ತಿರುವಿಹಾಕಿದೆ.

ಇಲ್ಲಿನ ಕಥೆಯೇ ಬೇರೆ, ಏಕೆಂದರೆ ಇಲ್ಲಿ ಚಿತ್ರಕಾರನ ತಲೆಯ ಮೇಲೆ ಕಾನೂನಿನ ಕತ್ತಿ ತೂಗುತ್ತಿತ್ತು. ಅರಸ ಲೂಯಿ ಫಿಲಿಪ್ಪನನ್ನು ಚಿತ್ರಿಸಿದ್ದಕ್ಕೆ ವ್ಯಂಗ್ಯಚಿತ್ರಕಾರ ಓನೊರೆ ದೊಮಿಯೆ 1832ರಲ್ಲಿ ಸೆರೆಮನೆ ಸೇರಿದ. 1835ರ ಕಾಯಿದೆಗಳು ರಾಜಕೀಯ ವ್ಯಂಗ್ಯಚಿತ್ರಗಳಿಗೆ ಪೂರ್ವಾನುಮತಿ ಕಡ್ಡಾಯ ಮಾಡಿದವು. 1881ರ ಪತ್ರಿಕಾ ಕಾಯಿದೆ ಬರುವವರೆಗೆ ಈ ಹಿಡಿತ ಸಡಿಲವಾಗುತ್ತ ಬಿಗಿಯಾಗುತ್ತ ಇತ್ತು. ಸ್ವದೇಶದ ಅರಸನನ್ನು ಮುಟ್ಟುವಂತಿಲ್ಲದ ಕಾಲದಲ್ಲಿ ಪರದೇಶದ ಕರಡಿಯನ್ನು ಮುಟ್ಟಬಹುದಿತ್ತು, ಯುದ್ಧ ಬಂದಾಗಲಂತೂ ಸರ್ಕಾರಕ್ಕೂ ಅದು ಬೇಕಾಗಿತ್ತು. ಕ್ರಿಮಿಯಾ ಯುದ್ಧದ ವೇಳೆ ಲ ಶಾರಿವಾರಿ ಪತ್ರಿಕೆಯಲ್ಲಿ ದೊಮಿಯೆ ಬಿಡಿಸಿದ 'ಉತ್ತರದ ಕರಡಿ' ಹುಟ್ಟಿದ್ದು ಹೀಗೆ. ಗೊತ್ತಿರುವ ಕರಡಿಗಳಲ್ಲೆಲ್ಲ ಅತ್ಯಂತ ಅಸಹ್ಯವಾದದ್ದು ಎಂದು ಅಡಿಬರಹ ಹೇಳುತ್ತದೆ. ಕಲ್ಲಿನ ಮೇಲೆ ಕೊಬ್ಬಿನ ಬಳಪದಿಂದ ಬರೆದು ಅಚ್ಚೊತ್ತುವ ಲಿಥೊ ವಿಧಾನದಲ್ಲಿ ಕೂದಲುಗಳನ್ನು ಎಣಿಸುವಂತಿಲ್ಲ, ಬಳಪದ ಒರಟು ಕಪ್ಪೇ ತುಪ್ಪಳವಾಗುತ್ತದೆ. ಟೆನಿಯಲ್ಲನ ಕರಡಿ ಕೆತ್ತಿದ ಪ್ರತಿಮೆಯಂತೆ ನಿಲ್ಲುತ್ತದೆ, ದೊಮಿಯೆಯ ಕರಡಿ ಉಸಿರಾಡುತ್ತದೆ. ಚಿತ್ರಕಾರನಾಗಿ ನಾನು ದೊಮಿಯೆಯನ್ನೇ ಮೇಲೆನ್ನುತ್ತೇನೆ.

ಇದೇ ಕರಡಿ ನಲವತ್ತು ವರ್ಷ ಕಳೆಯುವಷ್ಟರಲ್ಲಿ ಪ್ಯಾರಿಸ್ಸಿನ ಮುದ್ದಿನ ಪ್ರಾಣಿಯಾಯಿತು. 1893ರ ಅಕ್ಟೋಬರಿನಲ್ಲಿ ರಷ್ಯಾದ ನೌಕಾಪಡೆ ತೂಲಾನ್ ಬಂದರಿಗೆ ಸ್ನೇಹದ ಭೇಟಿ ನೀಡಿದಾಗ, ಲ ಗ್ರೆಲೋ ಪತ್ರಿಕೆಯಲ್ಲಿ ಫ್ರಾನ್ಸನ್ನು ಪ್ರತಿನಿಧಿಸುವ ಹೆಣ್ಣು ಕರಡಿಯನ್ನು ಅಪ್ಪಿಕೊಂಡು, ನಾನು ನಿನಗೆ ಹೃದಯ ಕೊಡುತ್ತೇನೆ, ಚಳಿಗಾಲದಲ್ಲಿ ನಿನ್ನ ತುಪ್ಪಳ ನನಗೆ ಸಿಗುತ್ತದೆಯೇ ಎಂದು ಕೇಳುತ್ತಾಳೆ. ಜರ್ಮನಿಯ ವಿರುದ್ಧ ಹೂಡಿದ ಮೈತ್ರಿಯ ಇಡೀ ಸಂದೇಹ ಆ ಒಂದು ಪ್ರಶ್ನೆಯಲ್ಲಿದೆ. ಪ್ರಾಣಿ ಅದೇ, ಹೊರಿಸಿದವರೂ ಅವರೇ, ಬದಲಾದದ್ದು ಒಪ್ಪಂದ ಮಾತ್ರ.

ಶನಿವಾರ, ಪ್ಯಾರಿಸ್

ಬೆಳಿಗ್ಗೆ ಜಾರ್ದೆನ್ ದೆ ಪ್ಲಾಂತ್ ಉದ್ಯಾನಕ್ಕೆ ಹೋದೆ. ಇಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ 1827ರಿಂದ 1845ರವರೆಗೆ ಒಂದು ಜಿರಾಫೆ ಬದುಕಿತ್ತು. ಅದು ಈಜಿಪ್ಟನ್ನು ಆಳುತ್ತಿದ್ದ ಮಹಮ್ಮದ್ ಅಲಿ ಪಾಷಾ ಫ್ರಾನ್ಸಿನ ಹತ್ತನೆಯ ಚಾರ್ಲ್ಸನಿಗೆ ಕಳಿಸಿದ ಉಡುಗೊರೆ. ಇನ್ನೊಂದು ಜಿರಾಫೆ ಇಂಗ್ಲೆಂಡಿನ ನಾಲ್ಕನೆಯ ಜಾರ್ಜನಿಗೆ ಹೋಯಿತು. ಆ ಹೊತ್ತಿಗೆ ಪಾಷಾನ ಮಗ ಇಬ್ರಾಹಿಂ, ಟರ್ಕಿಯ ಒಟ್ಟೊಮನ್ ಆಳ್ವಿಕೆಯ ವಿರುದ್ಧ ಎದ್ದ ಗ್ರೀಕರ ಬಂಡಾಯವನ್ನು ಹತ್ತಿಕ್ಕುತ್ತಿದ್ದ, ಯುರೋಪಿನ ಶಕ್ತಿಗಳು ಮಧ್ಯೆ ಬರಬಾರದೆಂಬುದು ಪಾಷಾನ ಇಚ್ಛೆಯಾಗಿತ್ತು. ಮಾರ್ಸೇಯಿಂದ ಪ್ಯಾರಿಸ್ಸಿನವರೆಗೆ ಜಿರಾಫೆಯನ್ನು ಕಾಲ್ನಡಿಗೆಯಲ್ಲೇ ಕರೆತಂದರು. ಜುಲೈ 9ರಂದು ಅದನ್ನು ಸೇಂಟ್ ಕ್ಲೂ ಅರಮನೆಯಲ್ಲಿ ಅರಸನ ಮುಂದೆ ನಿಲ್ಲಿಸಿದರು. ಅದಕ್ಕೆ ಮೂರು ದಿನ ಮೊದಲು, ಜುಲೈ 6ರಂದು, ಗ್ರೀಸಿನ ವಿಷಯದಲ್ಲಿ ಮಧ್ಯಪ್ರವೇಶಿಸುವ ಒಪ್ಪಂದಕ್ಕೆ ಬ್ರಿಟನ್, ಫ್ರಾನ್ಸ್, ರಷ್ಯಾಗಳು ಲಂಡನ್ನಿನಲ್ಲಿ ಸಹಿ ಹಾಕಿ ಆಗಿತ್ತು. ಅಕ್ಟೋಬರ್ 20ರಂದು ನವಾರಿನೊ ಕೊಲ್ಲಿಯಲ್ಲಿ ಆ ಮೂವರ ನೌಕಾಪಡೆಗಳು ಪಾಷಾನ ಹಡಗುಗಳನ್ನು ಮುಳುಗಿಸಿದವು. ಲಂಡನ್ನಿನಲ್ಲಿ ಚಿತ್ರಕಾರ ವಿಲಿಯಂ ಹೀತ್, ನಾಲ್ಕನೆಯ ಜಾರ್ಜನೂ ಅವನ ಪ್ರೇಯಸಿಯೂ ಜಿರಾಫೆಯ ಬೆನ್ನೇರಿ ಸವಾರಿ ಹೋಗುವ ಚಿತ್ರ ಬರೆದ. ಉಸಿರಾಡುವ ಪ್ರಾಣಿಯೊಂದು ರಾಯಭಾರಿಯಾಗಿ ಬಂದು, ರಾಯಭಾರ ಕೆಟ್ಟು, ಕೊನೆಗೆ ಅಚ್ಚಿನ ಹಾಳೆಯಲ್ಲಿ ಅರಸನ ದುಂದಿನ ಸಂಕೇತವಾಯಿತು.

ಭಾನುವಾರ, ರೈಲಿನಲ್ಲಿ

ಪ್ಯಾರಿಸ್ಸಿನಿಂದ ಬರ್ಲಿನ್‌ಗೆ ಹಗಲಿಡೀ ಪ್ರಯಾಣ. ನಿನ್ನೆ ಕೊಂಡಿದ್ದ, ಪೋಲ್ ಆದೋಲ್ 1870ರಲ್ಲಿ ರಚಿಸಿದ ವಿನೋದ ಭೂಪಟದ ಮರುಮುದ್ರಣವನ್ನು ಬಿಚ್ಚಿ ನೋಡುತ್ತ ಕುಳಿತಿದ್ದೆ. ಇಂಗ್ಲೆಂಡ್ ಅದರಲ್ಲಿ ಸಿಂಹವೂ ಅಲ್ಲ, ಏನೂ ಅಲ್ಲ. ಸಿಟ್ಟಿನಿಂದ ಕುದಿಯುವ ಒಂಟಿ ಮುದುಕಿ, ಆಕೆಯ ಕೈಯ ಹಗ್ಗದಲ್ಲಿ ನಾಯಿಯಾಗಿ ಐರ್ಲೆಂಡ್. ಅದೇ ಆದೋಲ್, ಮೂರನೆಯ ನೆಪೋಲಿಯನ್ನನ ಪತನವಾದೊಡನೆ, ಸಾಮ್ರಾಟನ ಪರಿವಾರವನ್ನೆಲ್ಲ 31 ಚಿತ್ರಗಳ ಮೃಗಾಲಯವನ್ನಾಗಿಸಿದ. ಬೋನಪಾರ್ಟರು 1804ರಲ್ಲಿ ಹುಂಜವನ್ನು ತಳ್ಳಿ ಆರಿಸಿಕೊಂಡಿದ್ದ ಹದ್ದು ಅಲ್ಲಿ ರಣಹದ್ದಾಗಿದೆ, ಹೇಡಿತನ ಮತ್ತು ಕ್ರೌರ್ಯ ಅದರ ಗುಣಗಳೆಂದು ಬರೆದಿದೆ.

ಸೋಮವಾರ, ಬರ್ಲಿನ್

ರಷ್ಯಾ-ಟರ್ಕಿ ಯುದ್ಧದ ನಂತರ ಬಾಲ್ಕನ್ ನಾಡುಗಳ ವಿಷಯವನ್ನು ತೀರ್ಮಾನಿಸಲು ಯುರೋಪಿನ ಶಕ್ತಿಗಳು ಸೇರಿದ ಸಭೆ, ಅಂದರೆ ಬರ್ಲಿನ್ ಕಾಂಗ್ರೆಸ್, 1878ರ ಜೂನ್ 13ರಿಂದ ಜುಲೈ 13ರವರೆಗೆ ನಡೆದ ಚಾನ್ಸಲರ್ ಭವನ ವಿಲ್ಹೆಲ್ಮ್ ಸ್ಟ್ರಾಸೆಯಲ್ಲಿ ಈಗ ಇಲ್ಲ. ಆ ರಸ್ತೆಯಲ್ಲಿರುವುದು ವಸತಿ ಕಟ್ಟಡಗಳು ಮತ್ತು ಇತಿಹಾಸ ಹೇಳುವ ಫಲಕಗಳು. ಅಲ್ಲಿಂದ ಕೆಂಪು ಇಟ್ಟಿಗೆಯ ನಗರಸಭಾ ಭವನಕ್ಕೆ ಹೋದೆ. ಆಂಟನ್ ಫಾನ್ ವೆರ್ನರ್ 1881ರಲ್ಲಿ ಮುಗಿಸಿದ ಕಾಂಗ್ರೆಸ್ಸಿನ ದೊಡ್ಡ ತೈಲಚಿತ್ರ ಅಲ್ಲಿನ ಸಭಾಂಗಣದಲ್ಲಿದೆ.

ಇಷ್ಟು ದಿನ ಪ್ರಾಣಿಗಳನ್ನು ನೋಡಿ ಬಂದವನಿಗೆ ಇಲ್ಲಿ ಮನುಷ್ಯರೇ ಎದುರಾದರು. ನಡುವೆ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ರಷ್ಯಾದ ಶುವಾಲೊವ್‌ನ ಕೈ ಕುಲುಕುತ್ತಿದ್ದಾನೆ, ಪಕ್ಕದಲ್ಲಿ ಆಸ್ಟ್ರಿಯಾದ ಆಂಡ್ರಾಶಿ ನಿಂತಿದ್ದಾನೆ. ಎಡಗಡೆ ಕುರ್ಚಿಯಲ್ಲಿ ಕುಳಿತ ರಷ್ಯಾದ ಮುದಿ ಮಂತ್ರಿ ಗೊರ್ಚಕೋವ್, ಊರುಗೋಲು ಹಿಡಿದು ನಿಂತ ಡಿಸ್ರೇಲಿಯ ತೋಳಿನ ಮೇಲೆ ಕೈಯಿಟ್ಟಿದ್ದಾನೆ. ಲಂಡನ್ನಿನ ಪುಟಗಳಲ್ಲಿ ಒಬ್ಬರನ್ನೊಬ್ಬರು ಸೀಳಲು ನಿಂತಿದ್ದ ಸಿಂಹ ಮತ್ತು ಕರಡಿ ಇವರೇ, ಕಾಯಿಲೆ ಬಿದ್ದ ಇಬ್ಬರು ಮುದುಕರು. ಒಟ್ಟೊಮನ್ ಪ್ರತಿನಿಧಿಗಳು ಬಲಗಡೆಗೆ ಸರಿದಿದ್ದಾರೆ.

ಈ ಚಿತ್ರದ ಮುಂದೆ ನನಗೆ ನೆನಪಾದದ್ದು ಟೆನಿಯಲ್ 1876ರ ಜೂನ್ 17ರಂದು ಬಿಡಿಸಿದ 'ಯುದ್ಧದ ನಾಯಿಗಳು'. ಸರ್ಬಿಯಾ, ಮಾಂಟೆನೆಗ್ರೊ, ಬೋಸ್ನಿಯಾ, ಹರ್ಜೆಗೊವಿನಾ ಎಂಬ ನಾಲ್ಕು ನಾಯಿಗಳನ್ನು ರಷ್ಯಾ ಹಗ್ಗದಲ್ಲಿ ಹಿಡಿದು ನಿಂತಿದೆ, ಬಿಟ್ಟರೆ ಅನಾಹುತವಾದೀತೆಂದು ಇಂಗ್ಲೆಂಡನ್ನು ಪ್ರತಿನಿಧಿಸುವ, ಪೊಲೀಸ್ ವೇಷದ ಜಾನ್ ಬುಲ್ ಬೇಲಿಯಾಚೆಯಿಂದ ಎಚ್ಚರಿಸುತ್ತಾನೆ. ವೆರ್ನರನ ಚಿತ್ರದಲ್ಲಿ ಆ ನಾಲ್ವರ ಪರವಾಗಿ ಯಾರೂ ಇಲ್ಲ, ಏಕೆಂದರೆ ಕಾಂಗ್ರೆಸ್ಸಿನಲ್ಲಿ ಬಾಲ್ಕನ್ ನಾಡುಗಳಿಗೆ ಮತ ಇರಲಿಲ್ಲ. ಒಂದು ತಿಂಗಳ ಚರ್ಚೆಯ ನಂತರ 64 ವಿಧಿಗಳ ಒಪ್ಪಂದಕ್ಕೆ ಸಹಿಯಾದಾಗ ಸರ್ಬಿಯಾ, ಮಾಂಟೆನೆಗ್ರೊಗಳ ಸ್ವಾತಂತ್ರ್ಯಕ್ಕೆ ಮನ್ನಣೆ ಸಿಕ್ಕಿತು. ಬೋಸ್ನಿಯಾ ಮತ್ತು ಹರ್ಜೆಗೊವಿನಾಗಳನ್ನು, ಅಲ್ಲಿನ ಯಾರನ್ನೂ ಕೇಳದೆ, 25ನೆಯ ವಿಧಿಯ ಪ್ರಕಾರ ಆಸ್ಟ್ರಿಯಾ-ಹಂಗೆರಿಯ ವಶಕ್ಕೆ ಕೊಡಲಾಯಿತು.